ರಾಟೆ ಹಿಡಿದವನು

ಜೂನ್ 3, ಮಂಗಳವಾರ

ಮತ್ತೆ ಸತ್ತೆ. ಎರಡನೆಯ ಬಾವಿ, ಎಡಗಡೆಯ ಸುರಂಗ, ಕರುವಿನಷ್ಟು ದೊಡ್ಡ ಕಪ್ಪೆ. ಕಪ್ಪೆ ಕೊಂದಿದ್ದರೆ ಬೇಸರವಿರಲಿಲ್ಲ. ಕಪ್ಪೆಗೆಂದು ಟೆಗನ್ ಬಿಟ್ಟ ಬಾಣ ನನ್ನ ಬೆನ್ನಿಗೆ ನೆಟ್ಟಿತು. ಈ ಗೇಮಿನಲ್ಲಿ ಸ್ವಂತದವರ ಬಾಣವೂ ಕೊಲ್ಲುತ್ತದೆ.

"ರೋನಿ ಅತ್ತೆ, ನೀನ್ಯಾಕೆ ಅಡ್ಡ ಬಂದೆ?"

"ಅಡ್ಡ ಬರ್ಲಿಲ್ಲ ಕಣೇ, ಮುಂದಿದ್ದೆ. ಐದು ನಿಮಿಷದಿಂದ ಮುಂದೇನೇ ಇದ್ದೆ."

ಅಷ್ಟರಲ್ಲಿ ಆ ಕಪ್ಪೆ ಅವಳನ್ನೂ ನುಂಗಿತು. ಮೇಲಿಂದ ಅವಳಪ್ಪ, ನನ್ನ ಒಡಹುಟ್ಟಿದ ಗ್ಲೆನ್ ದನಿ: "ಇಬ್ರೂ ಹೋದ್ರಾ? ಸರಿ, ನಾನು ಟೀಗಿಡ್ತೀನಿ."

ಅಷ್ಟೇ ಅವನ ಸಂತಾಪ.

'ಏಳು ಬಾವಿ' — ಮೂವರ ಆಟ. ಇಬ್ಬರು ಲಾಟೀನು ಹಿಡಿದು ಬಾವಿಗಿಳಿಯಬೇಕು, ಒಬ್ಬ ಮೇಲೆ ರಾಟೆಯ ಬಳಿ ನಿಲ್ಲಬೇಕು. ಅವನಿಗೆ ಕೆಳಗಿನದೇನೂ ಕಾಣದು. ಹಗ್ಗದ ನಡುಕ, ನಮ್ಮ ಕೂಗು, ಅಷ್ಟೇ. ಇಳಿದವರು ಸತ್ತರೆ ಮೊದಲನೆಯ ಬಾವಿಯಿಂದ ಶುರು. ಕರುಣೆ ಎಂಬುದಿಲ್ಲ. ಟೆಗನ್ ಮೇ ತಿಂಗಳಲ್ಲಿ ಬಂದವಳು ಅಪ್ಪನ ಮನೆಯಲ್ಲೊಂದು, ನನ್ನ ಮನೆಯಲ್ಲೊಂದು ಗೇಮಿನ ಪೆಟ್ಟಿಗೆ ಜೋಡಿಸಿ ಹೋದಳು. "ನೀವಿಬ್ರೂ ಒಂದೇ ರಸ್ತೇಲಿದ್ದು ಮಾತಾಡಲ್ಲ. ಮಾತಾಡ್ಬೇಡಿ, ದೆವ್ವಗಳನ್ನಾದ್ರೂ ಒಟ್ಟಿಗೆ ಹೊಡೀರಿ." ದೂರದ ಲಾನ್ಸೆಸ್ಟನ್ ಪಟ್ಟಣದಲ್ಲಿ ನರ್ಸು ಅವಳು, ಅಲ್ಲಿಂದಲೇ ಆಡುತ್ತಾಳೆ. ಹೇಳಿದ್ದನ್ನು ಮಾಡಿಸಿ ಅಭ್ಯಾಸ.

ಮಂಗಳವಾರ, ಗುರುವಾರ. ಮಧ್ಯಾಹ್ನ ಮೂರೂವರೆ.

ಜೂನ್ 5, ಗುರುವಾರ

ಹೆಬ್ಬೆರಳು ಊದಿದೆ. ಇಪ್ಪತ್ತೆರಡು ವರ್ಷ ಬೋಟಿನ ಮೇಲೆ ಹಗ್ಗ, ಪೈಪು ಎಳೆದ ಕೈ ಇದು — ಗುಂಡಿ ಒತ್ತಲು ಬಾರದು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಕುರ್ಚಿ ಡೊಂಕು ಅಂದೆ. ಕುರ್ಚಿ ಬದಲಿಸಿದೆ. ಸತ್ತೆ.

ಆಮೇಲೆ — 4:50ಕ್ಕೆ — ಎರಡನೆಯ ಬಾವಿ ಗೆದ್ದೆವು! ಟೆಗನ್ ಕಪ್ಪೆಯನ್ನು ಅತ್ತ ಕರೆದಳು, ನಾನು ಹಿಂದಿನಿಂದ ಕೊಡಲಿ ಬೀಸಿದೆ, ಗ್ಲೆನ್ ಸರಿಯಾದ ಗಳಿಗೆಗೆ ಕೊಡ ಇಳಿಸಿದ. ಕಿರುಚಿದ ರಭಸಕ್ಕೆ ಬೆಕ್ಕು ಒಲೆಯ ಹಿಂದೆ ಓಡಿತು. ಪಕ್ಕದ ಮನೆಯ ಮಿಸೆಸ್ ಪೈಬಸ್ ಬಂದು ಬಾಗಿಲು ಬಡಿದಳು.

"ಯಾರಾದ್ರೂ ಹೋಗ್ಬಿಟ್ರಾ?"

"ಕಪ್ಪೆ ಹೋಯ್ತು" ಅಂದೆ.

ಐವತ್ತನಾಲ್ಕು ವಯಸ್ಸು ನನಗೆ. ನಾಚಿಕೆಯಾಗಬೇಕು. ಆಗಲಿಲ್ಲ.

ಜೂನ್ 17, ಮಂಗಳವಾರ

ಮೂರನೆಯ ಬಾವಿ. ಎಲ್ಲ ಚೆನ್ನಾಗಿತ್ತು. ಚಿನ್ನ ತುಂಬಿದ ಕೊಡದ ಜೊತೆ ನಾವಿಬ್ಬರೂ ಹಗ್ಗ ಹಿಡಿದು ಮೇಲೇರುತ್ತಿದ್ದೆವು. ನಡುವೆ ರಾಟೆ ನಿಂತಿತು. ಲಾಟೀನಿನ ಎಣ್ಣೆ ಮುಗಿಯುತ್ತ ಬಂತು.

"ಅಪ್ಪ, ಯಾಕೆ ನಿಲ್ಸಿದೆ?"

"ಮೂರು ನಿಮಿಷ."

"ಏನು ಮೂರು ನಿಮಿಷ?"

"…ಕೈ ಅಭ್ಯಾಸ ಕಣೇ. ತಾನಾಗೇ ನಿಂತ್ಬಿಡ್ತು."

ಎಣ್ಣೆ ಮುಗಿಯಿತು. ಕತ್ತಲಲ್ಲಿ ಏನೋ ಬಂದು ಇಬ್ಬರನ್ನೂ ತಿಂದಿತು. ಟೆಗನ್ ನಕ್ಕಳು. ನಾನೂ ನಕ್ಕೆ. ಲೋಕದಲ್ಲಿ ಯಾರೂ ಈ ಆಟದಲ್ಲಿ ಹೀಗೆ ಸತ್ತಿರಲಾರರು. ಸಮುದ್ರದ ತಳದ ಬಂಡೆಗಳಿಂದ ಅಬಲೋನಿ ಚಿಪ್ಪು ಕೀಳಲು ಇಳಿಯುವ ಮುಳುಗುಗಾರ ಮಾತ್ರ ಹೀಗೆ ಮಾಡಬಲ್ಲ. ಆಳದಿಂದ ಒಮ್ಮೆಗೇ ಮೇಲೆ ಬರಬಾರದು, ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು, ಇಲ್ಲದಿದ್ದರೆ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತದೆ. ಗ್ಲೆನ್ ಮೂವತ್ತು ವರ್ಷ ಹಾಗೆ ನಿಂತವನು.

ಕಪ್ ತೊಳೆಯುವಾಗ ನಗು ನಿಂತಿತು. ನಿಲ್ಲದೆ ಮೇಲೆ ಬಂದದ್ದು ಅವನು ಒಂದೇ ಸಲ. ಎಳೆದವಳು ನಾನು.

ಜೂನ್ 18

ಬರೆದು ಬಿಡುತ್ತೇನೆ. ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಕಳೆದ ಅಕ್ಟೋಬರ್ 9. ಗ್ಲೆನ್ ಹದಿನೆಂಟು ಮೀಟರ್ ಕೆಳಗೆ. ನಾನು ಬೋಟಿನ ಮೇಲೆ, ಅವನಿಗೆ ಗಾಳಿ ತಳ್ಳುವ ಯಂತ್ರದ ಪಕ್ಕ. ಅದರ ಬೆಲ್ಟ್ ತುಂಡಾಯಿತು, ಗಾಳಿ ನಿಂತಿತು. ಇಂಥ ಹೊತ್ತಿಗೆಂದೇ ಬೆನ್ನಿಗೊಂದು ಗಾಳಿ ತುಂಬಿದ ಸಣ್ಣ ಸಿಲಿಂಡರ್ ಇರುತ್ತದೆ. ಅಂದು ಅವನ ಬೆನ್ನಿಗೆ ಅದಿರಲಿಲ್ಲ. ಹಾರುವ ಮುಂಚೆ ನೋಡುವುದು ನನ್ನ ಕೆಲಸ. ನೋಡಲಿಲ್ಲ. ಪೈಪ್ ಹಿಡಿದು ಎಳೆದೆ, ಎರಡೂ ಕೈಯಲ್ಲಿ, ಒಂದೇ ಉಸಿರಿಗೆ. ಐದು ಮೀಟರ್ ನೆನಪಾಗಲಿಲ್ಲ. ಮುಖ ನೀಲಿಯಾಗಿತ್ತು. ಹೋಬಾರ್ಟಿನ ಆಸ್ಪತ್ರೆಯ ಗುಳ್ಳೆ ಕರಗಿಸುವ ಒತ್ತಡದ ಕೋಣೆಯಲ್ಲಿ ಒಂಬತ್ತು ದಿನ ಚಿಕಿತ್ಸೆ ಕೊಟ್ಟರು. ಎರಡು ತಿಂಗಳು ಎಡಗಾಲು ಅವನ ಮಾತು ಕೇಳಲಿಲ್ಲ.

ಈಗ ಸರಿ ಇದೆ. ಮಾರ್ಚಿನಲ್ಲೇ ಡಾಕ್ಟರ್ ಮತ್ತೆ ಮುಳುಗಬಹುದು ಎಂದು ಬರೆದುಕೊಟ್ಟರು. ಆ ಕಾಗದ ಅವನ ಫ್ರಿಜ್ಜಿನ ಮೇಲೆ ಅಂಟಿದೆ ಅನ್ನುತ್ತಾಳೆ ಟೆಗನ್. ಅವನು ನೀರಿಗಿಳಿದಿಲ್ಲ. ಬಾ ಎಂದು ನನ್ನನ್ನು ಕರೆದೂ ಇಲ್ಲ.

ನನ್ನ ಕೈಗೆ ಪೈಪ್ ಕೊಡಲು ಅವನಿಗೆ ಮನಸ್ಸಿಲ್ಲ. ಕೇಳುವ ಧೈರ್ಯ ನನಗಿಲ್ಲ.

ಜೂನ್ 26, ಗುರುವಾರ

ನಾಲ್ಕನೆಯ ಬಾವಿ ಮುಗಿಯಿತು. ಗ್ಲೆನ್ ಮೂರು ನಿಮಿಷವನ್ನು ಒಂದಕ್ಕಿಳಿಸಿದ್ದಾನೆ. ನಾನು ಹೆಚ್ಚುವರಿ ಎಣ್ಣೆ ಹೊತ್ತೊಯ್ಯುತ್ತೇನೆ. ಹೀಗೂ ಒಂದು ಸಂಸಾರ.

ಇವತ್ತು ಟೆಗನ್ ದಾರಿ ತಪ್ಪಿದಳು. ಕತ್ತಲಲ್ಲಿ ನಾನೊಬ್ಬಳೇ ನಿಂತಿದ್ದೆ. ಮೇಲೆ ಗ್ಲೆನ್ ಗುನುಗುತ್ತಿದ್ದ — ಆ ಅಪಸ್ವರ ನಮ್ಮ ಅಮ್ಮನದೇ. ಹಗ್ಗ ಸಣ್ಣಗೆ ಅಲ್ಲಾಡುತ್ತಿತ್ತು.

"ಇದೀಯಾ ರೋನಿ?"

"ಎಲ್ಲಿಗೆ ಹೋಗ್ಲಿ? ಬಾವೀಲಿದೀನಿ."

"ಸುಮ್ನೆ ಕೇಳ್ದೆ. ಮೇಲಿಂದ ಏನೂ ಕಾಣಲ್ಲ ಮಾರಾಯ್ತಿ. ಕಾಯೋದೇ ಕಷ್ಟ."

ಇಪ್ಪತ್ತೆರಡು ವರ್ಷ ನಾನು ಹಾಗೆ ಕಾದದ್ದು ಈಗ ಅವನಿಗೆ ಗೊತ್ತಾಯಿತು. ನನಗೂ ಒಂದು ಗೊತ್ತಾಯಿತು. ಕೆಳಗಿದ್ದವರಿಗೆ ಮೇಲಿನ ಒಂದು ದನಿ ಸಾಕು, ಉಳಿದದ್ದೆಲ್ಲ ಸಹಿಸಬಹುದು. ಅವನು ಕೆಳಗಿದ್ದಾಗ ನಾನು ಯಾವತ್ತೂ ಗುನುಗಲಿಲ್ಲ. ಕೇಳಿಸುತ್ತಲೂ ಇರಲಿಲ್ಲ ಬಿಡು.

ಜುಲೈ 8, ಮಂಗಳವಾರ

ಈ ಎರಡು ವಾರದಲ್ಲಿ ಐದನೆಯದರಲ್ಲಿ ಏಳು ಸಲ ಸತ್ತೆವು. ಏಳೂ ಸಲ ಮೊದಲಿನಿಂದ! ಇದನ್ನು ಮಾಡಿದವನಿಗೆ ಅಕ್ಕ ತಂಗಿ ಯಾರೂ ಇಲ್ಲವೇ? ಎಂಟನೆಯ ಸಲ ಟೆಗನ್ ಸೇತುವೆ ಸುಟ್ಟಳು, ನಾನಿನ್ನೂ ಸೇತುವೆಯ ಮೇಲಿದ್ದೆ. ಕೋತಿ ತಾನೂ ಕೆಟ್ಟು ವನವನ್ನೂ ಕೆಡಿಸಿತು. ಬಾಯಿಗೆ ಬಂದಂತೆ ಬೈದೆ. ಆಮೇಲೆ ಮೂವರೂ ನಕ್ಕು ನಕ್ಕು ಮತ್ತೆ ಶುರು ಮಾಡಿದೆವು. ಬಿಡಲಾಗುವುದಿಲ್ಲ. ಸುಲಭವಾಗಿದ್ದರೆ ಎಂದೋ ಬಿಟ್ಟಿರುತ್ತಿದ್ದೆ.

ಬೆಳಿಗ್ಗೆ ಹಾಲು ತರಲು ಹೋದಾಗ ಜೆಟ್ಟಿಯ ಕಡೆ ನೋಡಿದೆ. ನಮ್ಮ 'ಎಡ್ನಾ' ಬೋಟಿನ ಗಾಜಿಗೆ ರಟ್ಟು ಅಂಟಿಸಿದ್ದಾನೆ. 'ಮಾರಾಟಕ್ಕಿದೆ.' ಅಮ್ಮನ ಹೆಸರಿನ ಬೋಟು. ನನಗೊಂದು ಮಾತೂ ಹೇಳಿಲ್ಲ.

ಮೂರೂವರೆಗೆ ಹೆಡ್‌ಫೋನ್ ಹಾಕಿದೆ. "ಹೇಗಿದೀಯ ರೋನಿ?" ಅಂದ. ಚೆನ್ನಾಗಿದ್ದೇನೆ ಅಂದೆ.

ಜುಲೈ 22, ಮಂಗಳವಾರ, ಸಂಜೆ 5:15

ಏಳನೆಯ ಬಾವಿ. ಮೊದಲ ಸಲ ಕಂಡೆವು. ತಳದಲ್ಲಿ ಒಂದು ಕಂಚಿನ ಗಂಟೆ. ಅದನ್ನು ಹೊಡೆದರೆ ಆಟ ಗೆದ್ದಂತೆ — ಹೊಡೆದವರು ಜೀವಂತ ಮೇಲೆ ಬಂದರೆ. ಹೊಡೆದೆ. ಕೆಳಗಿನಿಂದ ಕಪ್ಪು ನೀರು ಉಕ್ಕಿತು. ಟೆಗನ್ ಮುಳುಗಿದಳು. ನಾನು ಹಗ್ಗ ಹಿಡಿದೆ.

"ಎಳಿ! ಗ್ಲೆನ್, ಎಳಿ!"

ಎಳೆದ. ಅರ್ಧ ದಾರಿ. ನಿಲ್ಲಿಸಿದ.

"ನಿಲ್ಲಿಸ್ಬೇಡ! ನೀರು ಬರ್ತಿದೆ! ಎಳೀ ಅಂದ್ರೆ ಎಳೀಬೇಕು ಕಣೋ, ಕೆಳಗಿರೋಳು ನಾನು!"

ನೀರು ತಲೆ ದಾಟಿತು. ಪರದೆ ಕಪ್ಪಾಯಿತು. ಏಳು ವಾರದ ಆಟ ಹೋಯಿತು.

ಆಮೇಲೆ ಅವನು ಮೆಲ್ಲಗೆ ಅಂದ: "ಬೇಗ ಎಳೆದ್ರೆ ಏನಾಗತ್ತೆ ಅಂತ ನಿಂಗೆ ಗೊತ್ತಲ್ಲ."

ಅಲ್ಲಿಗೆ ಬಂತು. ಒಂಬತ್ತು ತಿಂಗಳ ಮೇಲೆ ಬಾಯಿಗೆ ಬಂತು.

"ಗೊತ್ತು. ದಿನಾ ಗೊತ್ತು. ಅದಕ್ಕೇ ತಾನೆ ಬೋಟ್ ಮಾರ್ತಿರೋದು?" ಅಂದೆ. ಹೆಡ್‌ಫೋನ್ ಕಿತ್ತು ಸೋಫಾಕ್ಕೆ ಎಸೆದೆ.

ಜುಲೈ 24, ಗುರುವಾರ

3:30. ಹಾಕಿ ಕೂತೆ. ಯಾರೂ ಇಲ್ಲ.

ಜುಲೈ 29, ಮಂಗಳವಾರ

ಟೆಗನ್ ಮಾತ್ರ ಬಂದಳು. "ಅಪ್ಪನೂ ಏನೂ ಹೇಳಲ್ಲ, ನೀನೂ ಹೇಳಲ್ಲ. ಆಸ್ಪತ್ರೇಲಿ ಮೂಗ್ರನ್ನೂ ಮಾತಾಡಿಸ್ತೀನಿ ನಾನು, ನಿಮ್ಮಿಬ್ರನ್ನ ಆಗ್ತಿಲ್ಲ" ಅಂದಳು. ಇಬ್ಬರೇ ಆಡಲಾಗದು. ರಾಟೆಗೆ ಒಬ್ಬ ಬೇಕೇ ಬೇಕು.

ಆಗಸ್ಟ್ 5, ಮಂಗಳವಾರ

3:30ಕ್ಕೆ ಇದ್ದ.

"ಮೊದಲನೇ ಬಾವಿ" ಅಂದ. "ಇಳೀತೀಯಾ?"

"ಇಳೀತೀನಿ."

ಒಂದು, ಎರಡು, ಮೂರು ಬಾವಿ ಒಂದೇ ಮಧ್ಯಾಹ್ನ ದಾಟಿದೆವು. ಕಪ್ಪೆ ಎಲ್ಲಿ ಬರುತ್ತದೆ, ಟೆಗನ್ ಎಲ್ಲಿ ತಪ್ಪು ಬಾಣ ಬಿಡುತ್ತಾಳೆ, ಎಲ್ಲ ಬಾಯಿಪಾಠ. ಅವನು ಗುನುಗಲಿಲ್ಲ. ಅದೊಂದು ಕೊರತೆಯಾಯಿತು, ಹೇಳಲಿಲ್ಲ.

ಆಗಸ್ಟ್ 14, ಗುರುವಾರ, ಸಂಜೆ 6:00

ಗೆದ್ದೆವು. ಬರೆಯಲೇಬೇಕು.

ಏಳನೆಯ ಬಾವಿ. ಗಂಟೆ ಹೊಡೆದೆ. ನೀರು ಉಕ್ಕಿತು. ಟೆಗನ್ ಈ ಸಲವೂ ಮುಳುಗಿದಳು, "ಹೋಗ್ ಅತ್ತೆ, ಹೋಗ್!" ಎಂದು ಕೂಗುತ್ತಲೇ. ಹಗ್ಗ ಹಿಡಿದೆ. ಕೂಗಬಾರದು ಎಂದುಕೊಂಡಿದ್ದೆ. ಮೆಲ್ಲಗೆ ಹೇಳಿದೆ.

"ಗ್ಲೆನ್. ಕೆಳಗೆ ಗಾಳಿ ಇಲ್ಲ."

ಆಮೇಲೆ ಹಗ್ಗ ಜಗ್ಗಿತು. ಎಳೆದ. ಅರ್ಧ ದಾರಿ ಬಂತು. ನಿಲ್ಲಿಸಲಿಲ್ಲ. ಕೊಡ ಗೋಡೆಗೆ ಬಡಿದು ಬಡಿದು ಚಿನ್ನವೆಲ್ಲ ಚೆಲ್ಲಿತು, ಲಾಟೀನು ಒಡೆಯಿತು, ನನ್ನ ಜೀವ ಒಂದು ಗೆರೆಗಿಳಿಯಿತು. ಕೊನೆಗೆ ಮೇಲೆ ಬೆಳಕು, ರಾಟೆ, ರಾಟೆಯ ಪಕ್ಕ ಅವನ ಪುಟ್ಟ ಬೊಂಬೆ. ಪರದೆಯಲ್ಲಿ ಬಂತು — 'ಏಳು ಬಾವಿ ಗೆದ್ದಿರಿ. ತಂದ ಚಿನ್ನ: ಸೊನ್ನೆ.'

"ಎಲ್ಲಾ ಚೆಲ್ಲಿಬಿಟ್ಟೆ" ಅಂದ.

"ನಾನು ಬಂದ್ನಲ್ಲೋ."

ಗ್ಲೆನ್ ಅಂದ: "ಅವತ್ತು ನೀನು ಎಳೆದದ್ದೂ ಸರಿ. ನಿಂತಿದ್ರೆ ನಾನು ಇರ್ತಿರ್ಲಿಲ್ಲ."

"ಮತ್ತೆ ಕಳೆದ ತಿಂಗಳು ಯಾಕೆ ಹಾಗಂದೆ? ಬೇಗ ಎಳೆದ್ರೆ ಏನಾಗತ್ತೆ ಗೊತ್ತಲ್ಲ ಅಂತ?"

"ನಿನ್ನ ಕಾಲು ಹೋಗತ್ತೆ ಅಂತ ಭಯ ಕಣೇ. ಗೇಮ್ ಅಂತ ಗೊತ್ತು. ಕೈ ಕೇಳ್ಬೇಕಲ್ಲ." ಮತ್ತೆ ಅವನೇ ಅಂದ: "ರೋನಿ… ಆ ಸಿಲಿಂಡರ್. ತುಂಬ್ಸೋಕೆ ಅಂತ ಬಿಚ್ಚಿ ಶೆಡ್ಡಲ್ಲಿಟ್ಟಿದ್ದೆ, ಮರೆತೆ. ನೀರಿಗೆ ಹಾರೋವಾಗ ನೆನಪಾಯ್ತು. ಒಂದು ದಿನ ತಾನೆ ಅಂತ ಹಾರಿದೆ. ನಿಂಗೆ ಬೆನ್ನು ತೋರಿಸ್ದೇನೇ ಹಾರಿದೆ."

"ಹತ್ತು ತಿಂಗಳು ಹೇಳ್ಲಿಲ್ಲವಲ್ಲೋ ಕತ್ತೆ!"

"ಆ್ಯಂಬುಲೆನ್ಸಲ್ಲಿ ನೀನು 'ನಾನು ನೋಡ್ಬೇಕಿತ್ತು, ನಾನು ನೋಡ್ಬೇಕಿತ್ತು' ಅಂತ ಅಳ್ತಾ ಇದ್ದೆ. ಆಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ? ನಿನ್ನನ್ನ ಮತ್ತೆ ಬೋಟಿಗೆ ಕರೆಯೋಕೂ ಮುಖ ಇರ್ಲಿಲ್ಲ."

ಸಿಟ್ಟು ಬಂತು. ಎಂಥ ಸಿಟ್ಟು! ಎದುರಿಗಿದ್ದಿದ್ದರೆ ಬಾರಿಸುತ್ತಿದ್ದೆ. ಅದರ ಹಿಂದೆಯೇ ಅಳು ಬಂತು. ಹತ್ತು ತಿಂಗಳು ಹೊತ್ತದ್ದು ಇಳಿದರೆ ಭುಜಕ್ಕೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ಎರಡೂ ಕಡೆ ಮೂಗೆಳೆಯುವ ಸದ್ದು.

ಆಗ ಸಣ್ಣ ದನಿಯೊಂದು: "ನಾನು ಸತ್ತಿದೀನಿ, ಆದ್ರೆ ಎಲ್ಲಾ ಕೇಳಿಸ್ತಿದೆ."

ಟೆಗನ್ ಇದ್ದದ್ದನ್ನೇ ಮರೆತಿದ್ದೆವು.

ಆಗಸ್ಟ್ 15, ಶುಕ್ರವಾರ

ಬೆಳಿಗ್ಗೆ ಬಾಗಿಲು ತೆಗೆದರೆ ಜಗುಲಿಯ ಮೇಲೆ ಸಣ್ಣ ಸಿಲಿಂಡರ್. ಹಳದಿ ಬಣ್ಣ, ಹೊಸ ಪಟ್ಟಿ. ಚೀಟಿ ಇಲ್ಲ, ಏನೂ ಇಲ್ಲ. ಅವನ ಗಾಡಿಯ ಗುರುತು ಮಾತ್ರ ಇಬ್ಬನಿಯಲ್ಲಿ.

ಒಳಗೆ ತಂದೆ. ಗಾಳಿಯ ಮಟ್ಟ ತೋರಿಸುವ ಮುಳ್ಳು ನೋಡಿದೆ. ತುಂಬಿದೆ. ಮತ್ತೆ ಮಧ್ಯಾಹ್ನ ನೋಡಿದೆ. ತುಂಬಿದೆ.

ಹಾಲಿನ ನೆಪ ಮಾಡಿ ಜೆಟ್ಟಿಗೆ ಹೋದೆ. ಎಡ್ನಾಳ ಗಾಜಿನ ಮೇಲೆ ಅಂಟಿನ ಗುರುತಷ್ಟೇ ಇದೆ.

ಆಗಸ್ಟ್ 21, ಗುರುವಾರ

ಮತ್ತೆ ಮೊದಲನೆಯ ಬಾವಿಯಿಂದ, ಈ ಸಲ ಚಿನ್ನ ತರಲೇಬೇಕು ಅನ್ನುತ್ತಾಳೆ ಟೆಗನ್. ಎರಡನೆಯದರಲ್ಲಿ ಕಪ್ಪೆ ನುಂಗಿತು. ಗ್ಲೆನ್ ಗುನುಗುತ್ತಿದ್ದ.

ಹೋಗುವಾಗ ಅಂದ: "ಶನಿವಾರ ಗಾಳಿ ಇಲ್ವಂತೆ. ಸಮುದ್ರ ತಟ್ಟೆ ತರ ಇರತ್ತಂತೆ."

"ಹಾಗಂತೆ" ಅಂದೆ.

"ಆರೂಕಾಲಿಗೆ ಬರ್ಲಾ?"

ಆಗಸ್ಟ್ 23, ಶನಿವಾರ, ಬೆಳಿಗ್ಗೆ 6:05

ಯಂತ್ರಕ್ಕೆ ಹೊಸ ಬೆಲ್ಟ್ — ಹಾಕಿದೆ, ನಿನ್ನೆ ಅರ್ಧ ಗಂಟೆ ಓಡಿಸಿಯೂ ನೋಡಿದೆ. ಬಿಡಿ ಬೆಲ್ಟ್ ಎರಡು. ಫ್ಲಾಸ್ಕಿನಲ್ಲಿ ಟೀ. ಚಿಪ್ಪುಮಾಂಸ ತುಂಬಿದ ಸ್ಕಾಲಪ್ ಪೈ ನಾಲ್ಕು, ಮೂರು ಅವನೇ ತಿನ್ನುತ್ತಾನೆ. ಸಣ್ಣ ಸಿಲಿಂಡರ್ ತುಂಬಿದೆ. ಅವನ ಬೆನ್ನಿಗೆ ನಾನೇ ಕಟ್ಟುತ್ತೇನೆ, ನಾನೇ ತಟ್ಟಿ ನೋಡುತ್ತೇನೆ, ಆಮೇಲೆ ಹಾರಲಿ. ಭಯವಿದೆ. ಅವನಿಗೂ ಇರುತ್ತದೆ. ನೀರಿನ ಕೆಳಗೆ ಕೇಳಿಸುವುದಿಲ್ಲ ಎಂದು ಗೊತ್ತು, ಆದರೂ ಇವತ್ತು ಗುನು

ಹಾರ್ನ್. ಇನ್ನೂ ಹತ್ತು ನಿಮಿಷ ಇದೆ, ಇವನಿಗೆ ಸಮಾಧಾನ ಅನ್ನುವುದೇ ಇಲ್ಲ. ಬಂದೆ ಕಣೋ, ಬಂದೆ —