ರೇಡಿಯೋದ ಸೆಲ್ಲುಗಳು

ಅಪ್ಪಾ,

ನಾಳೆ ಕಿವಿ ಡಾಕ್ಟರ ಹತ್ತಿರ ಹೋಗಬೇಡಿ. ಪಿಯಾನೋ ರಿಪೇರಿ ಅಂಗಡಿಯ ಬೀಗದ ಕೈಯನ್ನು ಚಿಕ್ಕಪ್ಪನಿಗೆ ಕೊಡಬೇಡಿ.

ನನ್ನ ಹೆಡ್‌ಫೋನಿನ ದನಿ ಜೋರಾಗಲೆಂದು ಸೋಪಿನ ಡಬ್ಬಿಯಲ್ಲಿ ನಾನೇ ಬೆಸುಗೆ ಹಾಕಿ ಕೂರಿಸಿದ ಆಂಪ್ಲಿಫೈಯರ್ ಇದೆಯಲ್ಲ, ಅದು ಸೆಲ್ಲುಗಳನ್ನು ನುಂಗಿ ನೀರು ಕುಡಿಯುತ್ತದೆ. ಎರಡು ತಿಂಗಳಿಂದ ನಿಮ್ಮ ರೇಡಿಯೋದ ಹೊಸ ಸೆಲ್ಲುಗಳನ್ನು ಅದಕ್ಕೆ ಹಾಕಿಕೊಂಡು, ಸೊರಗಿದವನ್ನು ರೇಡಿಯೋದೊಳಗೆ ತುರುಕುತ್ತಿದ್ದೆ. ಅದರ ದನಿ ಕುಗ್ಗಿತು. "ನನ್ ಕಿವಿನೇ ಹೋಯ್ತು ಕಣಮ್ಮಾ, ಇನ್ನು ಪಿಯಾನೋ ಶ್ರುತಿ ಮಾಡೋದು ಹೇಗೆ?" ಅಂದಿರಿ. ಆಮೇಲೂ ನಾನು ಸೆಲ್ಲು ಬದಲಿಸುತ್ತಲೇ ಇದ್ದೆ.

ಈಗ ರೇಡಿಯೋಗೆ ಹೊಸ ಸೆಲ್ ಹಾಕಿದ್ದೇನೆ. ದನಿಯ ಗುಂಡಿಯನ್ನು ಮೆಲ್ಲಗೆ ತಿರುಗಿಸಿ.

ಇನ್ನೊಂದು ತಪ್ಪಿದೆ. ಮನೆಯವರೆಲ್ಲ ನಿಮ್ಮೊಡನೆ ಕೂಗಿ ಮಾತಾಡತೊಡಗಿದಾಗ, ಎಲ್ಲ ಗೊತ್ತಿದ್ದ ನಾನೂ ಕೂಗಿದೆ.

ನಿಮ್ಮ
ಕಿರಿಮಗಳು