ನಲವತ್ತೆರಡನೇ ಸಾಲಿನ ಕುಳ್ಳಿ

ಜುಲೈ 9
ಬೆಳಿಗ್ಗೆ ಆರಕ್ಕೇ ಸಂಶೋಧನಾ ಕೇಂದ್ರದ ಹೊಲ. ಎಳ್ಳಿನ ಅರವತ್ತು ತಳಿ, ಅರವತ್ತು ಸಾಲು. ಇದರಲ್ಲಿ ಗೆದ್ದ ಒಂದೇ ತಳಿ ಊರೂರಿನ ಹೊಲಗಳ ದೊಡ್ಡ ಪರೀಕ್ಷೆಗೆ ಹೋಗುವುದು. ಎತ್ತರ ಅಳೆಯುತ್ತ ನಲವತ್ತೆರಡಕ್ಕೆ ಬಂದೆ — ಮೊಣಕಾಲು ದಾಟಿಲ್ಲ, ಆದರೆ ಬುಡದಿಂದಲೇ ಕವಲು. 'ಕುಳ್ಳಿ' ಎಂದು ಹೆಸರಿಟ್ಟೆ.

ಸರ್ ಬಂದರು. ಮೂವತ್ತು ವರ್ಷ ತಳಿ ಆರಿಸಿದ ಕಣ್ಣು. "ಇದೇನಮ್ಮಾ, ಕಳೆ ಇದ್ದ ಹಾಗಿದೆ! ನಾಳೆ ಕಿತ್ತು ಹಾಕ್ಸು. ಗಿಡ ಎತ್ತರ ಇದ್ರೆ ತಾನೆ ಇಳುವರಿ?"

"ಕಾಯಿ ಮಾಗೋವರೆಗೆ ಇರ್ಲಿ ಸರ್..."

"ನಿನ್ನ ಹಟ ಒಂದು!" ಎಂದರು. ಬೇಡ ಅನ್ನಲಿಲ್ಲ. ಅಷ್ಟು ಸಾಕು.

ಆಗಸ್ಟ್ 18
ಇಡೀ ದಿನ ಕಾಯಿ ಎಣಿಕೆ. ಸರ್ ಮೆಚ್ಚಿದ ಏಳನೇ ಸಾಲು, ಎಲ್ಲಕ್ಕಿಂತ ಎತ್ತರ — ಗಿಡಕ್ಕೆ ಅರವತ್ತು. ಕುಳ್ಳಿ — ನೂರ ಮೂವತ್ತೆಂಟು! ತಪ್ಪಿರಬೇಕೆಂದು ಕೊಯ್ಲಿಗೆ ಬರುವ ಅಕ್ಕನ ಕೈಯಲ್ಲೂ ಎಣಿಕೆ ಮಾಡಿಸಿದೆ.

"ಅಷ್ಟೇ ಕಣ್ರೀ ಮೇಡಂ. ಆಳು ಗಿಡ್ಡ, ಸಂಸಾರ ಜೋರು!"

ಇಬ್ಬರೂ ಬದುವಿನ ಮೇಲೆ ಕೂತು ನಕ್ಕಿದ್ದೇ ನಕ್ಕಿದ್ದು. ಸರ್‌ಗೆ ಹೇಳಲಿಲ್ಲ. ಒಳಗೆ ಜೊಳ್ಳಿದ್ದರೆ? ತೂಕ ಆಗಲಿ.

ಆಗಸ್ಟ್ 30
ಎಡವಟ್ಟು. ಕುಳ್ಳಿಯ ಕೆಳಗಿನ ಕಾಯಿ ಆಗಲೇ ಬಾಯಿ ಬಿಡುತ್ತಿವೆ. ಜೋರು ಗಾಳಿ ಬಂದರೆ ಬೀಜವೆಲ್ಲ ನೆಲಕ್ಕೆ. ಗಿಡಕ್ಕೆ ಕಟ್ಟೋಣವೆಂದರೆ ಸ್ಟೋರಿನಲ್ಲಿ ಚೀಲವಿಲ್ಲ. ನಮ್ಮ ಮನೆಯವರ ಟೈಲರಿಂಗ್ ಅಂಗಡಿಗೆ ಓಡಿದೆ. ಕೈಲಿದ್ದ ಕೆಲಸ ಬಿಟ್ಟು ಲೈನಿಂಗ್ ಬಟ್ಟೆಯಲ್ಲಿ ಚೀಲ ಹೊಲಿದರು.

"ನಂಗೊಂದು ಶರ್ಟ್ ಹೊಲ್ಕೊಳ್ಳೋಕೆ ಪುರುಸೊತ್ತಿಲ್ಲ, ನಿನ್ನ ಎಳ್ಳಿಗೆ ಹೊಸ ಬಟ್ಟೆ ಬೇರೆ ಕೇಡು!"

ಆಮೇಲೆ ತಾವೇ ಹೊಲಕ್ಕೆ ಬಂದು, ಸೊಂಟದ ಅಳತೆ ನೋಡಿ ಒಂದೊಂದು ಗಿಡಕ್ಕೂ ತೊಡಿಸಿದರು. ಪುಣ್ಯಾತ್ಮ.

ಸೆಪ್ಟೆಂಬರ್ 15, ಸಂಜೆ
ತೂಕ ಆಯಿತು. ಏಳನೇ ಸಾಲು, ಗಿಡಕ್ಕೆ ಎಂಟು ಗ್ರಾಂ. ಕುಳ್ಳಿ — ಹದಿನೈದೂವರೆ! ಅರವತ್ತರಲ್ಲೇ ಮೊದಲು. ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿದೆ. ಕಾಯಿ ಹೆಚ್ಚಿದಂತೆ ಇಳುವರಿ ಹೆಚ್ಚು. ಕವಲಿಗೂ ಹಾಗೇ. ಎತ್ತರಕ್ಕೂ ಇಳುವರಿಗೂ ಸಂಬಂಧವೇ ಇಲ್ಲ ಅನ್ನಬೇಕು.

ಸರ್ ಮುಂದಿಟ್ಟೆ. ಕನ್ನಡಕ ಒರೆಸಿ ಎರಡು ಸಲ ನೋಡಿದರು. ತೂಕದ ಕೋಣೆಗೆ ಹೋಗಿ ತಾವೇ ತೂಗಿದರು. ಆಮೇಲೆ ಗಹಗಹಿಸಿ ನಕ್ಕುಬಿಟ್ಟರು.

"ಮೂವತ್ತು ವರ್ಷ ಕತ್ತೆತ್ತಿ ನೋಡ್ದೆ ಕಣಮ್ಮಾ. ಒಂದ್ಸಲ ಬಗ್ಗಿ ನೋಡಿದ್ರೆ ಆಗ್ತಿತ್ತು!"

ದೊಡ್ಡ ಪರೀಕ್ಷೆಯ ಪಟ್ಟಿಯಲ್ಲಿ ಏಳನ್ನು ಹೊಡೆದು ನಲವತ್ತೆರಡು ಎಂದು ಬರೆದರು. ಪಕ್ಕದಲ್ಲಿ ನನ್ನ ಹೆಸರು. ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ.

ಫೆಬ್ರವರಿ 11, ಬೆಳಿಗ್ಗೆ
ಕುಳ್ಳಿ ಈಗ ಎಂಟು ಊರಿನ ಹೊಲಗಳಲ್ಲಿ. ಇಲ್ಲಿ ಬಿತ್ತಿ ಐದು ದಿನ. ಚಹಾ ಇನ್ನೂ ಆರಿಲ್ಲ, ಸರ್ ಹೊಲದಿಂದಲೇ ಫೋನ್ — "ಎಲ್ಲಿದ್ದೀಯಮ್ಮಾ? ಬೇಗ ಬಾ! ಸಾಲಿಗೆ ಸಾಲೇ ಮೇಲೆ ಬಂದಿದೆ!" ಮಂಡಿನೋವಿನ ಮನುಷ್ಯ, ಮಣ್ಣಲ್ಲಿ ಕೂತೇಬಿಟ್ಟಿದ್ದಾರಂತೆ. ಇವರೂ ಅಂಗಡಿ ತೆರೆಯದೆ ಹೊರಟು ನಿಂತಿದ್ದಾರೆ, ಕೊರಳಲ್ಲಿ ಟೇಪು. "ಬರ್ತೀಯೋ ಇಲ್ವೋ?" ಎಂದು ಬಾಗಿಲಲ್ಲೇ ಕೂಗು. ಬಂದೆ ಅಂದೆ. ಉಳಿದದ್ದು ನೋಡಿಬಂದು ಬರೆ—