ಮಾಲೀಕರಿಗೆ ನಾನೇ ಹೇಳಿದೆ

ರಾಯಚೂರು
ಡಿಸೆಂಬರ್ ೧೨, ೧೯೮೩

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಭತ್ತದ ಕೊಯ್ಲಿಗೆ ಹೋಗುತ್ತಿದ್ದೀಯಂತೆ. ಬೇಡವೆಂದರೆ ಕೇಳುವವಳಲ್ಲ, ಬಗ್ಗಿ ಕೊಯ್ಯುವುದನ್ನಾದರೂ ಬಿಟ್ಟು ಕೊಯ್ದ ಭತ್ತದ ಸಿವುಡು ಕಟ್ಟು. ಅಪ್ಪ ಇದನ್ನು ಓದಿ ಹೇಳುವಾಗ ಹೆಂಗಸರ ಮಾತೆಂದು ನಡುವೆ ಹಾರಿಸದಂತೆ ನೋಡಿಕೋ. ನಾನು ಆರಾಮ. ವಾಂತಿ ನಿಂತಿದೆ. ನೀನು ಕೊಟ್ಟ ಹುಣಸೆಕಾಯಿ ತೊಕ್ಕು ಆಗಲೇ ಖಾಲಿ, ಅರ್ಧ ತಿಂದವನು ನಿನ್ನ ಅಳಿಯ.

ದೀಪಾವಳಿಗೆ ನಾನು ಊರಿಗೆ, ಹಿರೇಕೊಟ್ನೆಕಲ್ಲಿಗೆ ಬಂದಾಗ ನೀನು, "ಹೊಟ್ಟಿ ಎದ್ದು ಕಾಣೋತನಕ ಪ್ರೆಸ್ಸಿನ್ಯಾಗ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಹೇಳಿ ಕಳಿಸಿದ್ದೆ. ದಸರಾ ಮುಗಿದು ಈ ಪ್ರೆಸ್ಸಿಗೆ ಕೆಲಸ ಕೇಳಲು ಹೋದಾಗಲೇ ನಾನು ಬಸುರಿ ಎಂಬುದು ನನಗೆ ಗೊತ್ತಿತ್ತು. ಹೇಳಲಿಲ್ಲ. ಅಕ್ಷರದ ಅಚ್ಚಿನ ಮೊಳೆ ಜೋಡಿಸುವವರು ದಿನವಿಡೀ ನಿಂತೇ ಇರಬೇಕು. ಹೆಂಗಸು ಎಂಬುದಕ್ಕೇ ಮಾಲೀಕ ಮಲ್ಲಯ್ಯನವರು ಹಿಂದೆ ಮುಂದೆ ನೋಡಿದ್ದರು. ದೇವದುರ್ಗದ ಪ್ರೆಸ್ಸಿನಲ್ಲಿ ಕಲಿತ ನನ್ನ ಕೈಚಳಕ ಕಂಡು, ಸಂಕ್ರಾಂತಿಯವರೆಗೆ ನೋಡಿ ಕಾಯಂ ಮಾಡುವುದಾಗಿ ಹೇಳಿದರು. ಬೈಂಡಿಂಗ್ ಮಾಡುವ ಅಸ್ಮತ್‌ಗೆ ಮಾತ್ರ ಗುಟ್ಟು ತಿಳಿದಿತ್ತು. "ನೌಕರಿ ಪಕ್ಕಾ ಆಗೋತನಕ ಚುಪ್ ಇರು" ಎಂದು ಅವಳದೂ ನಿನ್ನದೇ ಮಾತು. ಚಳಿ ಚಳಿ ಎನ್ನುತ್ತ ಶಾಲು ಹೊದ್ದು ದಿನ ದೂಡಿದೆ. ರಾಯಚೂರಿನಲ್ಲಿ ಎಂಥ ಚಳಿ, ನೀನೇ ಹೇಳು!

ಹೋದ ವಾರ ಮೊಳೆ ಜೋಡಿಸುವ ಹಿರಿಯ ಕಂಪೋಸಿಟರ್ ಗಡಿಗೆಪ್ಪನವರು ಕಣ್ಣು ಮಂಜಾಯಿತೆಂದು ಕೆಲಸ ಬಿಡಲು ಮುಂದಾದರು. ಮಾಲೀಕರು ನನ್ನನ್ನು ಕರೆದು ಎಲ್ಲರ ಎದುರಿಗೆ, "ಗೋಪಮ್ಮಾ, ಇನ್ನ ಲಗ್ನಪತ್ರಿಕಿ ಕೆಲಸಾ ಪೂರಾ ನಿನ್ನ ಕೈಯಾಗ. ವೈಶಾಖದಾಗ ಒಂದಿನಾನೂ ರಜಾ ಕೇಳಂಗಿಲ್ಲ, ಆತೇನು?" ಎಂದರು. ಅವ್ವಾ, ಹಿರಿಯರ ಜಾಗ ನನಗೆ! ಹೂಂ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೆರಿಗೆಯೂ ವೈಶಾಖದಲ್ಲೇ. ಮಂದಿಯ ಮದುವೆ ಕೆಲಸ ಒಪ್ಪಿಕೊಂಡು ನಡುವೆ ಕೈಬಿಟ್ಟರೆ, ನನ್ನ ಹಿಂದೆ ಇನ್ನೊಬ್ಬ ಹೆಂಗಸನ್ನು ಆ ಬಾಗಿಲೊಳಗೆ ಬಿಟ್ಟಾರೆಯೇ? ಶಾಲು ತೆಗೆದು, "ಆವಾಗ ನನಗ ಹೆರಿಗಿ ಅದರಿ" ಎಂದೆ. ಅಚ್ಚಿನ ಮಷೀನು ತುಳಿಯುತ್ತಿದ್ದವನೂ ಕಾಲು ನಿಲ್ಲಿಸಿದ. ಮಾಲೀಕರ ಮುಖ ಕೆಂಪಾಯಿತು.

"ಸೇರೋವಾಗ ಗೊತ್ತಿತ್ತೇನು?"

"ಗೊತ್ತಿತ್ತರಿ. ಅವತ್ತೇ ಹೇಳಿದ್ರ ಕೆಲಸಾ ಕೊಡ್ತಿದ್ರೇನ್ರೀ?"

ಅವರು ಸುಳ್ಳಾಡಲಿಲ್ಲ. "ಕೊಡ್ತಿದ್ದಿಲ್ಲ" ಎಂದರು.

"ಅದಕ್ಕ ಹೇಳಲಿಲ್ರಿ. ಈಗ ನನ್ನ ಕೆಲಸಾ ನೋಡೀರಿ. ನೋಡಿದ ಮ್ಯಾಲೂ ಬ್ಯಾಡಂದ್ರ ಹೋಗ್ತೀನಿ."

ಅಂದು ಅವರು ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಮರುದಿನವೂ ಕೆಲಸ ಕೊಡದೆ ಸುಮ್ಮನೆ ನಿಲ್ಲಿಸಿದರು. ಮನೆಗೆ ಬಂದು ಅತ್ತುಬಿಟ್ಟೆ. ಶನಿವಾರ ಮಾಲೀಕರು ತಾವೇ ಬಂದು, "ವೈಶಾಖ ಬರೋದ್ರಾಗ ಅಸ್ಮತ್‌ಗ ಮೊಳಿ ಜೋಡ್ಸೋದು ಕಲಸು. ಹೆರಿಗಿಗೆ ಎರಡು ತಿಂಗಳು ರಜಾ, ಪಗಾರ ಸಿಗಂಗಿಲ್ಲ. ಜಾಗಾ ನಿಂದೇ" ಎಂದರು. ಧೈರ್ಯ ಬಂತು ನೋಡು, ಕೂತು ಕೆಲಸ ಮಾಡಲು ಎತ್ತರದ ಸ್ಟೂಲೂ ಕೇಳಿದೆ. ಗೊಣಗುತ್ತಲೇ ತರಿಸಿದರು. ಪಗಾರದ ಮಾತನ್ನು ನಾನಿನ್ನೂ ಬಿಟ್ಟಿಲ್ಲ.

ಅಪ್ಪನಿಗೆ ನಮಸ್ಕಾರ. ನಿನ್ನ ಮಾತು ಮೀರಿದೆ, ಸಂಕ್ರಾಂತಿಗೆ ನಾನು ಊರಿಗೆ ಬಂದಾಗ ಮನಸಾರೆ ಬೈಯಿ.

ನಿನ್ನ ಮಗಳು,
ಗೋಪಮ್ಮ
ಹಿರಿಯ ಕಂಪೋಸಿಟರ್

ವಿ.ಸೂ.: ಈ ಕಾಗದ ಕಳಿಸಬೇಕಾದ ಮಾನ್ವಿ ಬಸ್ಸಿಗೆ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂದು ನೀನು ಕಾಯುತ್ತಿರುವುದು ಗೊತ್ತು. ಹೆರಿಗೆಗೆ ನಾನು ಅಲ್ಲಿಗೆ ಬರುವುದಿಲ್ಲ ಅವ್ವಾ. ಬಂದರೆ ನೀವು ಐದು ತಿಂಗಳು ಬಿಡುವುದಿಲ್ಲ, ಇಲ್ಲಿ ನನ್ನ ಜಾಗ ಉಳಿಯುವುದಿಲ್ಲ. ಬಾಣಂತನಕ್ಕೆ ನೀನೇ ಬಾ. ನಾನು ಕೆಲಸಕ್ಕೆ ಹೋದಾಗ ಕೂಸು ನಿನ್ನ ತೊಡೆಯ ಮೇಲಿರಲಿ. ಬರುತ್ತೀ ಅಲ್ಲ?